ಲಸಿಕೆಯ ತರುವಾಯವೋ, ಲಸಿಕೆಯ ದೆಸೆಯಿಂದಲೋ?

ಜೂನ್ ತಿಂಗಳು ಹುಟ್ಟುತ್ತಲೇ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಶಾಲೆಗಳು ತೆರೆಯುತ್ತವೆ. ಶಾಲೆಯ ಗಂಟೆ ಬಾರಿಸತೊಡಗಿದ ತಿಂಗಳೊಪ್ಪತ್ತಿನಲ್ಲಿ ಘಟಪ್ರಭಾ ನದಿಗೆ ಹೊಸ ನೀರು ಬಂದು, ಸುಮಾರು 52 ಮೀಟರು ಎತ್ತರದ ಗೋಕಾಕ ಜಲಪಾತವು ತುಂಬಿ ಧುಮುಕುತ್ತದೆ. ಮೊದಲು ಶಾಲೆ, ತರುವಾಯ ಜಲಪಾತ. ಈ ಕ್ರಮ ವರ್ಷ ವರ್ಷವೂ ಕಂಡುಬರುತ್ತದೆ. ಆದರೂ ಶಾಲೆಯ ಗಂಟೆಯೇ ಜಲಪಾತವನ್ನು ತುಂಬಿಸಿತೆಂದು ಯಾರೂ ಹೇಳುವುದಿಲ್ಲ. ಏಕೆಂದರೆ ನಿಜವಾದ ಕಾರಣವು ಸಹ್ಯಾದ್ರಿಯಲ್ಲಿ ಸುರಿಯುವ ಮಳೆಯೆಂಬುದನ್ನು ನಾವು ಬಲ್ಲೆವು.

ಮಳೆಯ ಸಂಗತಿಯನ್ನು ಅರಿಯದವನೊಬ್ಬನಿದ್ದಾನೆಂದು ಭಾವಿಸೋಣ. ಗಂಟೆಗೂ ಜಲಪಾತಕ್ಕೂ ಸಂಬಂಧವಿಲ್ಲವೆಂದು ಅವನಿಗೆ ಮನವರಿಕೆ ಮಾಡಿಕೊಡುವ ಬಗೆ ಹೇಗೆ? ಗಂಟೆ ಬಾರಿಸದ ಒಂದು ವರ್ಷವನ್ನು ತೋರಿಸಿದರೆ ಸಾಕು. 2020ರ ಜೂನ್ ತಿಂಗಳಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ತೆರೆಯಲಿಲ್ಲ. ಮಳೆಗಾಲ ಬಂತು, ಜಲಪಾತವು ಎಂದಿನಂತೆಯೇ ಧುಮುಕಿತು. ಶಂಕಿತ ಕಾರಣವನ್ನು ತೆಗೆದುಹಾಕಿದರೂ ಕಾರ್ಯವು ನಿಲ್ಲದಿದ್ದರೆ, ಅದು ಕಾರಣವಲ್ಲ. ಈ ಲೇಖನದಲ್ಲಿ ನಾವು ಹೇಳಬೇಕಾದ ಮಾತಿಗೆ ಈ ಸರಳ ಪರೀಕ್ಷೆಯೇ ಆಧಾರ.

ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಒಂದು ವಾದವು ನಡೆದಿದೆ. ಚಿಕ್ಕ ಮಕ್ಕಳಿಗೆ ಹಾಕುವ ಲಸಿಕೆಯಿಂದ, ಅದರಲ್ಲಿಯೂ ದಡಾರದ ಲಸಿಕೆಯಿಂದ, ಆಟಿಸಂ ಉಂಟಾಗುತ್ತದೆಯೇ ಎಂಬುದೇ ಆ ವಾದ. ಅದರ ಪ್ರತಿಧ್ವನಿ ಮೊಬೈಲಿನ ಮೂಲಕ ನಮ್ಮ ಹಳ್ಳಿಗಳನ್ನೂ ಮುಟ್ಟಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರ ಮನೆಗಳಲ್ಲಿ ಅಕ್ಕನ ಮಗುವೋ ಅಣ್ಣನ ಮಗುವೋ ಇರುತ್ತದೆ. ಸೂಜಿ ಹಾಕಿಸಬೇಕೋ ಬೇಡವೋ ಎಂದು ಮನೆಯವರು ಅನುಮಾನಿಸುವಾಗ, ಓದಿದವರೆಂದು ಅವರನ್ನೇ ಕೇಳುತ್ತಾರೆ. ಆದ್ದರಿಂದ ಈ ಪ್ರಶ್ನೆಯನ್ನು ನಂಬಿಕೆಗೆ ಬಿಡದೆ, ಲೆಕ್ಕಕ್ಕೂ ಪ್ರಮಾಣಕ್ಕೂ ಒಡ್ಡಿ ನೋಡುವುದು ಉಚಿತ.

ಲಸಿಕೆಯ ಕುರಿತಾದ ಭಯವೇನೂ ಹೊಸದಲ್ಲ. ಸಿಡುಬನ್ನು ತಡೆಯಲು ‘ದೇವಿ ಹಾಕಿಸುವ’ ಕಾಲದಲ್ಲಿಯೂ ಹೆದರಿ ಮಕ್ಕಳನ್ನು ಅಡಗಿಸಿಡುತ್ತಿದ್ದ ತಾಯಂದಿರಿದ್ದರು. ಬೆಳಗಾವಿಯ ಟಿಳಕವಾಡಿಯಲ್ಲಿ ಇಂದಿಗೂ ಜನರು ‘ವ್ಯಾಕ್ಸಿನ್ ಡಿಪೋ’ ಎಂದು ಕರೆಯುವ ಆವರಣವುಂಟು. ಸಿಡುಬಿನ ಲಸಿಕೆಯು ಅಲ್ಲಿಯೇ ತಯಾರಾಗುತ್ತಿತ್ತು. ಭಾರತದಲ್ಲಿ ಸಿಡುಬನ್ನು ನಿರ್ಮೂಲ ಮಾಡಿದ ಲಸಿಕೆಯನ್ನು ಒದಗಿಸಿದ ಕೆಲವೇ ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಭೂಮಿಯಿಂದ ತೊಲಗಿತೆಂದು ಸಾರಿತು. ಇದು ನಮ್ಮ ಜಿಲ್ಲೆಯೂ ಪಾಲುಗೊಂಡ ಕೀರ್ತಿ.

ಆಟಿಸಂ ಎಂದರೇನು?

ಕನ್ನಡದಲ್ಲಿ ಕೆಲವರು ‘ಸ್ವಲೀನತೆ’ ಎಂದು ಕರೆಯುವ ಆಟಿಸಂ ಒಂದು ಅಂಟುರೋಗವಲ್ಲ. ಅದು ಮಿದುಳಿನ ಬೆಳವಣಿಗೆಯಲ್ಲಿಯ ಭಿನ್ನತೆ. ಇಂಥ ಮಗುವು ಹೆಸರು ಹಿಡಿದು ಕರೆದರೂ ತಿರುಗಿ ನೋಡದಿರಬಹುದು, ಕಣ್ಣಿಗೆ ಕಣ್ಣು ಕೂಡಿಸದಿರಬಹುದು, ಮಾತು ತಡವಾಗಬಹುದು, ಒಂದೇ ಆಟವನ್ನು ಮತ್ತೆ ಮತ್ತೆ ಆಡುತ್ತಿರಬಹುದು. ಕೆಲವರಿಗೆ ಬಾಳಿನುದ್ದಕ್ಕೂ ಇತರರ ನೆರವು ಬೇಕಾಗುತ್ತದೆ. ಕೆಲವರು ಉನ್ನತ ವಿದ್ಯಾಭ್ಯಾಸ ಪಡೆದು ಸ್ವತಂತ್ರವಾಗಿ ಬಾಳುತ್ತಾರೆ.

1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಎಂಬವರು 11 ಮಕ್ಕಳನ್ನು ಪರೀಕ್ಷಿಸಿ ಈ ಸ್ಥಿತಿಯನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ವರ್ಣಿಸಿದರು. ದಡಾರದ ಲಸಿಕೆಯು ಬಳಕೆಗೆ ಬಂದುದು 1963ರಲ್ಲಿ. ಅಂದರೆ ಲಸಿಕೆ ಹುಟ್ಟುವುದಕ್ಕಿಂತ 20 ವರ್ಷ ಮೊದಲೇ ಆಟಿಸಂ ಇತ್ತು. ಇದರಿಂದಲೇ ವಾದವು ತೀರಿತೆಂದು ಹೇಳಲಾಗದು, ಏಕೆಂದರೆ ಒಂದು ಕಾರ್ಯಕ್ಕೆ ಹಲವು ಕಾರಣಗಳಿರಬಹುದು. ಆದರೆ ಲಸಿಕೆಯಿಲ್ಲದೆಯೂ ಆಟಿಸಂ ಬರುತ್ತದೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆಟಿಸಂಗೆ ಬಹುಪಾಲು ಆನುವಂಶಿಕ ಕಾರಣಗಳಿವೆಯೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ತದ್ರೂಪಿ ಅವಳಿಗಳಲ್ಲಿ ಒಂದಕ್ಕೆ ಆಟಿಸಂ ಇದ್ದರೆ ಇನ್ನೊಂದಕ್ಕೂ ಇರುವ ಸಂಭವ ಬಹಳ ಹೆಚ್ಚು. ಸಾಮಾನ್ಯ ಅವಳಿಗಳಲ್ಲಿ ಅಷ್ಟಿಲ್ಲ. ಮಿದುಳಿನ ಈ ಭಿನ್ನತೆಯು ಮಗು ಗರ್ಭದಲ್ಲಿರುವಾಗಲೇ ಆರಂಭವಾಗುತ್ತದೆಂಬುದಕ್ಕೂ ಸಾಕಷ್ಟು ಆಧಾರವುಂಟು.

ಶಂಕೆ ಹುಟ್ಟಿದ ಬಗೆ

1998ರ ಫೆಬ್ರವರಿಯಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಅವರ 12 ಸಹೋದ್ಯೋಗಿಗಳ ಲೇಖನವೊಂದು ಪ್ರಕಟವಾಯಿತು. ಅವರು ಪರೀಕ್ಷಿಸಿದುದು ಕೇವಲ 12 ಮಕ್ಕಳನ್ನು. ಅವರಲ್ಲಿ 8 ಮಕ್ಕಳ ವಿಷಯದಲ್ಲಿ, ದಡಾರ, ಮಂಗನಬಾವು, ರುಬೆಲ್ಲಾಗಳನ್ನು ತಡೆಯುವ ಎಂ.ಎಂ.ಆರ್. ಲಸಿಕೆಯ ತರುವಾಯ ಮಗುವಿನ ವರ್ತನೆ ಬದಲಾಯಿತೆಂದು ಮನೆಯವರು ಹೇಳಿದರೆಂದು ಅದರಲ್ಲಿ ಬರೆದಿತ್ತು. ಲಸಿಕೆ ಪಡೆಯದ ಮಕ್ಕಳೊಡನೆ ಹೋಲಿಕೆಯಿರಲಿಲ್ಲ. ಸಂಬಂಧವು ಸಿದ್ಧವಾಯಿತೆಂದು ಲೇಖನವೂ ಹೇಳಲಿಲ್ಲ. ಆದರೆ ಪತ್ರಕರ್ತರ ಮುಂದೆ ವೇಕ್‌ಫೀಲ್ಡ್ ಆ ಸಂಯುಕ್ತ ಲಸಿಕೆಯನ್ನೇ ಅನುಮಾನಿಸಿ ಮಾತನಾಡಿದರು. ಸುದ್ದಿ ಕಾಡುಗಿಚ್ಚಿನಂತೆ ಹರಡಿತು.

ಮುಂದೆ ಪತ್ರಕರ್ತ ಬ್ರಯನ್ ಡಿಯರ್ ನಡೆಸಿದ ಶೋಧನೆಯಿಂದ ಬೇರೆಯೇ ಚಿತ್ರವು ಹೊರಬಿತ್ತು. ಲಸಿಕೆಯ ಕಂಪನಿಗಳ ಮೇಲೆ ದಾವೆ ಹೂಡಲಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದರು. ಮಕ್ಕಳನ್ನು ಆರಿಸಿದ ಕ್ರಮವೂ ಸರಿಯಾಗಿರಲಿಲ್ಲ. 2004ರಲ್ಲಿ ಸಹಲೇಖಕರಲ್ಲಿ 10 ಮಂದಿ ಲಸಿಕೆಯ ಕುರಿತಾದ ವ್ಯಾಖ್ಯಾನವನ್ನು ಹಿಂತೆಗೆದುಕೊಂಡರು. 2010ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಇಡೀ ಲೇಖನವನ್ನೇ ರದ್ದುಗೊಳಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡರ ಹೆಸರನ್ನು ತೆಗೆದುಹಾಕಲಾಯಿತು.

ಲೇಖಕನು ನಡತೆಯಲ್ಲಿ ತಪ್ಪಿದನೆಂದ ಮಾತ್ರಕ್ಕೆ ಅವನ ಊಹೆಯೂ ಸುಳ್ಳಾಗಬೇಕಿಲ್ಲ. ತಾಯಂದಿರು ಕಂಡುದನ್ನೂ ನಾವು ತಳ್ಳಿಹಾಕಲಾಗದು. ‘ಸೂಜಿ ಮಾಡಿಸುವವರೆಗೆ ಕೂಸು ಚೆನ್ನಾಗಿತ್ತು, ಆಮೇಲೆ ಹೀಗಾಯಿತು’ ಎಂದು ತಾಯಿಯೊಬ್ಬಳು ಹೇಳಿದರೆ, ಅವಳು ಕಂಡುದನ್ನೇ ಹೇಳುತ್ತಿದ್ದಾಳೆ. ನಾವು ವಿಚಾರಿಸಬೇಕಾದುದು ಆ ‘ಆಮೇಲೆ’ ಎಂಬ ಮಾತನ್ನು.

ಕಾಕತಾಳೀಯದ ಲೆಕ್ಕ

ಕಾಗೆ ಬಂದು ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆಂಬ ಕಾಕತಾಳೀಯ ನ್ಯಾಯವನ್ನು ಓದುಗರು ಕೇಳಿರಬಹುದು. ಇಂಥ ಯೋಗಾಯೋಗ ಎಷ್ಟು ಸಲ ಒದಗಬಹುದೆಂಬುದನ್ನು ಅಂಕಗಣಿತದಿಂದ ಕಂಡುಹಿಡಿಯಬಹುದು.

ನಮ್ಮ ಸರಕಾರದ ಕಾರ್ಯಕ್ರಮದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಮೊದಲನೆಯ ವರಸೆಯನ್ನು ಮಗುವಿಗೆ 9ರಿಂದ 12 ತಿಂಗಳೊಳಗೆ, ಎರಡನೆಯದನ್ನು 16ರಿಂದ 24 ತಿಂಗಳೊಳಗೆ ಕೊಡುತ್ತಾರೆ. ಮಗು ಮಾತು ಕಲಿಯುವ, ಇತರರೊಡನೆ ಬೆರೆಯುವ ವಯಸ್ಸೂ ಅದೇ. ಆದ್ದರಿಂದ ಆಟಿಸಂ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳುವ ವಯಸ್ಸೂ ಬಹುಮಟ್ಟಿಗೆ ಅದೇ ಆಗಿದೆ.

ಲೆಕ್ಕದ ಸಲುವಾಗಿ 1,00,000 ಮಕ್ಕಳನ್ನು ಊಹಿಸಿಕೊಳ್ಳೋಣ. ನೂರಕ್ಕೆ ಒಬ್ಬರಂತೆ 1,000 ಮಕ್ಕಳಿಗೆ ಆಟಿಸಂ ಇದೆಯೆನ್ನೋಣ. ಅದರ ಲಕ್ಷಣಗಳು 12ರಿಂದ 30 ತಿಂಗಳೊಳಗೆ, ಅಂದರೆ 18 ತಿಂಗಳ ಅವಧಿಯಲ್ಲಿ, ಸಮವಾಗಿ ಹಂಚಿದಂತೆ ಮನೆಯವರ ಗಮನಕ್ಕೆ ಬರುತ್ತವೆನ್ನೋಣ. 1,000ವನ್ನು 18ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 55. ಲಸಿಕೆಗೂ ಆಟಿಸಂಗೂ ಎಳ್ಳಷ್ಟೂ ಸಂಬಂಧವಿಲ್ಲದಿದ್ದರೂ, ಎರಡನೆಯ ವರಸೆಯಾದ ಒಂದು ತಿಂಗಳೊಳಗೆ ಸುಮಾರು 55 ಮನೆಗಳಲ್ಲಿ ‘ಸೂಜಿಯಾದ ಮೇಲೆಯೇ ಹೀಗಾಯಿತು’ ಎಂಬ ಮಾತು ಹುಟ್ಟಿಯೇ ತೀರುತ್ತದೆ. ಅಷ್ಟೇ ಸಂಖ್ಯೆಯ ಮನೆಗಳಲ್ಲಿ ಸೂಜಿಗೆ ಮುಂಚಿನ ತಿಂಗಳಲ್ಲಿಯೇ ಲಕ್ಷಣಗಳು ಕಂಡಿರುತ್ತವೆ. ಆದರೆ ಅವರು ಸೂಜಿಯ ಮಾತನ್ನೇ ಎತ್ತುವುದಿಲ್ಲ. ಆದಕಾರಣ ಅವರ ಕಥೆ ನಮಗೆ ತಲುಪುವುದಿಲ್ಲ.

ಹೀಗೆ ಒಂದು ಬಗೆಯ ಸಾಕ್ಷಿ ಮಾತ್ರ ನಮ್ಮೆದುರಿಗೆ ಬರುತ್ತದೆ. ಅಂಥ ಸಾಕ್ಷಿ ಹನ್ನೆರಡಿರಲಿ, ಸಾವಿರವಿರಲಿ, ಅದರಿಂದ ನಿರ್ಣಯ ಸಾಧ್ಯವಿಲ್ಲ. ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಜೊತೆಯಾಗಿ ಎಣಿಸಬೇಕು.

ಹೋಲಿಕೆಯ ಪರೀಕ್ಷೆ

ಡೆನ್ಮಾರ್ಕ್ ಎಂಬ ಚಿಕ್ಕ ದೇಶದಲ್ಲಿ ಪ್ರತಿಯೊಬ್ಬನ ಜನನ, ಲಸಿಕೆ, ರೋಗ, ಚಿಕಿತ್ಸೆಗಳ ದಾಖಲೆಯನ್ನು ಸರಕಾರವು ಒಂದೇ ಸಂಖ್ಯೆಯ ಕೆಳಗೆ ಇಡುತ್ತದೆ. ಆದ್ದರಿಂದ ಯಾರ ನೆನಪನ್ನೂ ನೆಚ್ಚದೆ ಲೆಕ್ಕ ಹಾಕುವುದು ಅಲ್ಲಿ ಸಾಧ್ಯ. 2002ರಲ್ಲಿ ಅಲ್ಲಿಯ ಸಂಶೋಧಕರು 5,37,303 ಮಕ್ಕಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. 2019ರಲ್ಲಿ ಮತ್ತೊಮ್ಮೆ, 1999ರಿಂದ 2010ರವರೆಗೆ ಜನಿಸಿದ 6,57,461 ಮಕ್ಕಳನ್ನು ಕುರಿತು ಪ್ರಕಟಿಸಿದರು. ಎರಡನೆಯ ಅಧ್ಯಯನದಲ್ಲಿ 6,517 ಮಕ್ಕಳಿಗೆ ಆಟಿಸಂ ಇತ್ತು. ಎಂ.ಎಂ.ಆರ್. ಲಸಿಕೆ ಪಡೆದವರಲ್ಲಿಯ ಪ್ರಮಾಣವನ್ನು ಪಡೆಯದವರಲ್ಲಿಯ ಪ್ರಮಾಣಕ್ಕೆ ಹೋಲಿಸಿದಾಗ ಬಂದ ಅನುಪಾತವು 0.93.

ಈ ಅಂಕಿಯ ಅರ್ಥವನ್ನು ವಿದ್ಯಾರ್ಥಿಗಳು ಸರಿಯಾಗಿ ತಿಳಿಯಬೇಕು. ಅನುಪಾತವು 1 ಆದರೆ ಎರಡು ಗುಂಪುಗಳೂ ಸಮ. 2 ಆದರೆ ಲಸಿಕೆ ಪಡೆದವರಲ್ಲಿ ಇಮ್ಮಡಿ. ಭೌತವಿಜ್ಞಾನದ ಪ್ರಯೋಗದಲ್ಲಿ ನಾವು ಅಳತೆಯೊಡನೆ ದೋಷದ ಮಿತಿಯನ್ನೂ ಬರೆಯುವಂತೆ, ಇಲ್ಲಿಯೂ ಮಿತಿಗಳನ್ನು ಕೊಟ್ಟಿದ್ದಾರೆ: 0.85ರಿಂದ 1.02. ಈ ಅಂತರದೊಳಗೆ 1 ಸೇರಿದೆ. ಆದ್ದರಿಂದ 0.93 ಎಂಬುದರಿಂದ ಲಸಿಕೆಯು ಆಟಿಸಂ ಅನ್ನು ತಡೆಯುತ್ತದೆಂದು ಹೇಳುವಂತಿಲ್ಲ. ಹೆಚ್ಚಿಸುತ್ತದೆಂದಂತೂ ಹೇಳಲು ಯಾವ ಆಧಾರವೂ ಇಲ್ಲ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದಾಗಲೂ ಲಸಿಕೆಯಿಂದ ಅಪಾಯ ಹೆಚ್ಚಿದುದು ಕಾಣಲಿಲ್ಲ.

ಗಂಟೆ ಬಾರಿಸದ ವರ್ಷದ ಪರೀಕ್ಷೆಯು ಜಪಾನಿನಲ್ಲಿ ತಾನಾಗಿಯೇ ಒದಗಿತು. ಆ ದೇಶವು ಬೇರೆ ಕಾರಣಗಳಿಂದ 1993ರಲ್ಲಿ ಎಂ.ಎಂ.ಆರ್. ಲಸಿಕೆಯನ್ನು ನಿಲ್ಲಿಸಿತು. ಯೊಕೊಹಾಮಾ ನಗರದ ಒಂದು ಭಾಗದಲ್ಲಿ, 1988ರಲ್ಲಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿ ಅದನ್ನು ಪಡೆದಿದ್ದರೆ, 1992ರಲ್ಲಿ ಹುಟ್ಟಿದವರಲ್ಲಿ ಪಡೆದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಆಮೇಲೆ ಹುಟ್ಟಿದವರಲ್ಲಿ ಯಾರೂ ಇಲ್ಲ. ಲಸಿಕೆಯೇ ಕಾರಣವಾಗಿದ್ದರೆ ಆಟಿಸಂ ಇಳಿಯಬೇಕಾಗಿತ್ತು. ಅದು ಇಳಿಯಲಿಲ್ಲ, ಏರುತ್ತಲೇ ಹೋಯಿತು. ಈ ಅಧ್ಯಯನ 2005ರಲ್ಲಿ ಪ್ರಕಟವಾಯಿತು.

ಎಂ.ಎಂ.ಆರ್. ಅಲ್ಲದಿದ್ದರೆ ಪಾದರಸವಿರಬಹುದೆಂದು ಕೆಲವರು ಆಮೇಲೆ ಶಂಕಿಸಿದರು. ಹಲವರಿಗೆ ಒಂದೇ ಸೀಸೆಯಿಂದ ಕೊಡುವ ಕೆಲವು ಲಸಿಕೆಗಳು ಕೆಡದಂತೆ ಥಯೋಮರ್ಸಾಲ್ ಎಂಬ, ಪಾದರಸವುಳ್ಳ ವಸ್ತುವನ್ನು ಅತ್ಯಲ್ಪವಾಗಿ ಸೇರಿಸುವುದುಂಟು. ದಡಾರದ ಲಸಿಕೆಯಲ್ಲಿ ಅದು ಇಲ್ಲವೇ ಇಲ್ಲ. ಡೆನ್ಮಾರ್ಕಿನಲ್ಲಿ 1992ರಲ್ಲಿಯೂ, ಅಮೆರಿಕದ ಶಿಶುಗಳ ವಾಡಿಕೆಯ ಲಸಿಕೆಗಳಲ್ಲಿ 2001ರ ಹೊತ್ತಿಗೂ ಅದನ್ನು ಕೈಬಿಟ್ಟರು. ಎರಡೂ ಕಡೆ ಆಟಿಸಂ ಸಂಖ್ಯೆ ಇಳಿಯಲಿಲ್ಲ.

ಹಾಗಾದರೆ ಸಂಖ್ಯೆ ಏರುತ್ತಿರುವುದೇಕೆ? ಕಳೆದ ಕೆಲವು ದಶಕಗಳಲ್ಲಿ ಆಟಿಸಂ ಎಂಬುದರ ವ್ಯಾಖ್ಯೆಯೇ ವಿಶಾಲವಾಗಿದೆ. ಹಿಂದೆ ‘ಮಂದಬುದ್ಧಿ’ ಎಂದೋ ‘ಮೂಕ’ ಎಂದೋ ‘ವಿಚಿತ್ರ ಸ್ವಭಾವದವನು’ ಎಂದೋ ಕರೆಸಿಕೊಳ್ಳುತ್ತಿದ್ದ ಹಲವರನ್ನು ವೈದ್ಯರು ಈಗ ಸರಿಯಾಗಿ ಗುರುತಿಸುತ್ತಿದ್ದಾರೆ. ಬಲೆಯ ಕಣ್ಣು ಸಣ್ಣದಾದರೆ ಹೆಚ್ಚು ಮೀನು ಸಿಕ್ಕುವಂತೆ, ಏರಿಕೆಯ ದೊಡ್ಡ ಪಾಲು ಇದರಿಂದ ಆದುದು.

‘ಇಲ್ಲ’ವೆಂದು ಸಿದ್ಧಪಡಿಸಬಹುದೇ?

2025ರ ನವೆಂಬರಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ತಾನು ಬಹುಕಾಲದಿಂದ ಹೇಳುತ್ತಿದ್ದ ಮಾತನ್ನು ಬದಲಿಸಿತು. ಲಸಿಕೆಗಳಿಂದ ಆಟಿಸಂ ಉಂಟಾಗುವ ಸಾಧ್ಯತೆಯನ್ನು ಅಧ್ಯಯನಗಳು ತಳ್ಳಿಹಾಕಿಲ್ಲವೆಂಬುದು ಅದರ ಹೊಸ ಮಾತು. ಆ ದೇಶದ ವೈದ್ಯರ ಸಂಘಗಳು ಇದನ್ನು ಬಲವಾಗಿ ವಿರೋಧಿಸಿದವು. ಮರು ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಪ್ರಮಾಣಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಲಸಿಕೆಗೂ ಆಟಿಸಂಗೂ ಕಾರ್ಯಕಾರಣ ಸಂಬಂಧವಿಲ್ಲವೆಂದು ತಿಳಿಸಿದರು.

‘ತಳ್ಳಿಹಾಕಿಲ್ಲ’ ಎಂಬ ಮಾತನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಎಚ್ಚರದಿಂದ ನೋಡಬೇಕು. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲೆ ಎಂಬ ವಿಜ್ಞಾನಿಗಳು ‘ಈಥರ್’ ಎಂಬ ಸರ್ವವ್ಯಾಪಿ ಮಾಧ್ಯಮದ ಪ್ರಭಾವವನ್ನು ಅಳೆಯಹೊರಟರು. ನಿರೀಕ್ಷಿಸಿದ ಪ್ರಭಾವ ಕಾಣಲಿಲ್ಲ. ಅವರು ಕೊಟ್ಟ ಉತ್ತರವು ‘ಇದ್ದರೂ ಇಷ್ಟಕ್ಕಿಂತ ಕಡಿಮೆ’ ಎಂಬ ರೂಪದ್ದು. ಯಾವ ಅಳತೆಯೂ ಶುದ್ಧ ಸೊನ್ನೆಯನ್ನು ತೋರಿಸಲಾರದು. ಮಿತಿಯನ್ನು ಕಿರಿದುಗೊಳಿಸುತ್ತ ಹೋಗಬಲ್ಲದು. ಆರೂವರೆ ಲಕ್ಷ ಮಕ್ಕಳನ್ನು ಎಣಿಸಿ, ಮೇಲಿನ ಮಿತಿ 1.02 ಎಂದು ಬಂದಿರುವಾಗ, ಸಂಶಯಕ್ಕೆ ಉಳಿದಿರುವ ಜಾಗವು ಎಷ್ಟು ಇಕ್ಕಟ್ಟಿನದೆಂಬುದನ್ನು ಓದುಗರೇ ಊಹಿಸಬಹುದು.

ರಾಮದುರ್ಗದ ದುರಂತ

ಹಾಗೆಂದರೆ ಲಸಿಕೆಯಿಂದ ಎಂದೂ ಏನೂ ಆಗುವುದಿಲ್ಲವೇ? ಹಾಗೆ ಹೇಳಿದರೆ ಅದು ವಿಜ್ಞಾನವಾಗದು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ಮರೆಮಾಚಲಾಗದು.

2022ರ ಜನವರಿಯಲ್ಲಿ ರಾಮದುರ್ಗ ತಾಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆಯಾದ ಕೆಲವೇ ದಿನಗಳಲ್ಲಿ ಮೂವರು ಪುಟ್ಟ ಮಕ್ಕಳು ತೀರಿಕೊಂಡರು. ಆ ತಾಯಂದಿರ ‘ಆಮೇಲೆ’ ಎಂಬ ಮಾತನ್ನು ನಾವು ಕಾಕತಾಳೀಯವೆಂದು ತಳ್ಳಿಬಿಡಬಹುದೇ? ಖಂಡಿತ ಇಲ್ಲ. ಇಲ್ಲಿಯೂ ಮೊದಲಿನ ಪರೀಕ್ಷೆಯನ್ನೇ ಹಚ್ಚಬೇಕು. ದೇಶದಲ್ಲಿ ಪ್ರತಿವರ್ಷವೂ ಕೋಟಿಗಟ್ಟಲೆ ಮಕ್ಕಳು ಇದೇ ಲಸಿಕೆಯನ್ನು ಪಡೆಯುತ್ತಾರೆ. ಅಲ್ಲೆಲ್ಲ ಕಾಣದ ವಿಪತ್ತು ಒಂದೆರಡು ಹಳ್ಳಿಗಳಲ್ಲಿ, ಒಂದೆರಡು ದಿನಗಳಲ್ಲಿ ಗುಂಪಾಗಿ ಕಂಡುಬಂದರೆ, ಸಂಶಯವು ಆ ಸ್ಥಳದಲ್ಲಿ ಲಸಿಕೆಯನ್ನು ಇಟ್ಟ ಮತ್ತು ಕೊಟ್ಟ ಕ್ರಮದ ಮೇಲೆ ಹೋಗುತ್ತದೆ. ಪ್ರಾಥಮಿಕ ವಿಚಾರಣೆಯಲ್ಲಿ ಹೊರಬಿದ್ದುದೂ ಅದೇ. ಲಸಿಕೆಯ ಸೀಸೆಗಳನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇರಿಸಲಾಗಿತ್ತೆಂದು ವರದಿಯಾಯಿತು. ಇಬ್ಬರು ಸಿಬ್ಬಂದಿಯನ್ನು ಅಮಾನತುಗೊಳಿಸಲಾಯಿತು.

ಇದರ ಹಿಂದಿನ ವಿಜ್ಞಾನವು ಸ್ಪಷ್ಟವಾದುದು. ಈ ಲಸಿಕೆಯು ಒಣಗಿಸಿದ ಪುಡಿಯ ರೂಪದಲ್ಲಿರುತ್ತದೆ. ಕೊಡುವ ಮುನ್ನ ಅದರೊಡನೆ ಬಂದ ಶುದ್ಧ ದ್ರವದಲ್ಲಿ ಅದನ್ನು ಕರಗಿಸಬೇಕು. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್ಸಾದ್ದರಿಂದ, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಯಾವ ವಸ್ತುವನ್ನೂ ಸೇರಿಸಿರುವುದಿಲ್ಲ. ಆದ್ದರಿಂದ ಕರಗಿಸಿದ ಮೇಲೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಯೇ ಇಟ್ಟು, 4 ಗಂಟೆಗಳೊಳಗೆ ಬಳಸಬೇಕು, ಉಳಿದುದನ್ನು ಚೆಲ್ಲಬೇಕು. ಈ ನಿಯಮವನ್ನು ಮೀರಿದರೆ ಸೀಸೆಯೊಳಗೆ ಹೊಕ್ಕ ಬ್ಯಾಕ್ಟೀರಿಯಾಗಳು ಬೆಳೆದು, ಅವುಗಳ ವಿಷವು ಗಂಟೆಗಳೊಳಗೆ ಮಗುವಿನ ಪ್ರಾಣಕ್ಕೆ ಎರವಾಗಬಹುದು.

ಸೀಸೆಯ ಮೇಲೆ ಅಂಟಿಸಿರುವ ಒಂದು ಸಣ್ಣ ಗುರುತನ್ನು ಓದುಗರು ಲಸಿಕಾ ಕೇಂದ್ರದಲ್ಲಿ ಕೇಳಿ ನೋಡಬಹುದು. ಅದೊಂದು ವೃತ್ತ, ನಡುವೆ ತಿಳಿಬಣ್ಣದ ಚೌಕ. ಸೀಸೆಗೆ ಶಾಖ ತಗುಲಿದಷ್ಟೂ ಚೌಕವು ಕಪ್ಪಾಗುತ್ತದೆ; ಮರಳಿ ತಂಪುಮಾಡಿದರೂ ಬಣ್ಣ ತಿಳಿಯಾಗದು. ಚೌಕವು ವೃತ್ತದಷ್ಟೇ ಕಪ್ಪಾದರೆ ಆ ಸೀಸೆಯನ್ನು ಬಳಸಬಾರದು. ಇದು ಶಾಖದ ಲೆಕ್ಕವಿಡುವ ಅಗ್ಗದ, ಜಾಣತನದ ಉಪಕರಣ. ಆದರೆ ಕರಗಿಸಿದ ಲಸಿಕೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಇದು ತೋರಿಸಲಾರದು. ಅದಕ್ಕೆ 4 ಗಂಟೆಗಳ ನಿಯಮವೇ ಕಾವಲು.

ರಾಮದುರ್ಗದ ಪ್ರಕರಣವನ್ನೂ ಆಟಿಸಂ ವಾದವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಮನದಟ್ಟಾಗುತ್ತದೆ. ಎರಡೂ ಕಡೆ ದೂರು ಒಂದೇ: ಲಸಿಕೆಯ ತರುವಾಯ ಹೀಗಾಯಿತು. ಎರಡೂ ಕಡೆ ಪರೀಕ್ಷೆಯೂ ಒಂದೇ. ಒಂದು ಕಡೆ ಆ ಪರೀಕ್ಷೆಯು ದೋಷವನ್ನು ಬೆರಳಿಟ್ಟು ತೋರಿಸಿತು; ಇನ್ನೊಂದು ಕಡೆ ಲಸಿಕೆಯನ್ನು ದೋಷಮುಕ್ತವೆಂದು ಸಾರಿತು. ಲಸಿಕೆಯ ತರುವಾಯ ಗಂಭೀರವಾದ ಯಾವ ತೊಂದರೆಯಾದರೂ ಅದನ್ನು ದಾಖಲಿಸಿ, ಜಿಲ್ಲೆ, ರಾಜ್ಯ, ರಾಷ್ಟ್ರ ಈ ಮೂರು ಮಟ್ಟಗಳಲ್ಲಿ ಪರಿಶೀಲಿಸುವ ವ್ಯವಸ್ಥೆ ನಮ್ಮ ದೇಶದಲ್ಲಿದೆ. ದೂರು ಕೊಡುವುದು ತಂದೆತಾಯಿಗಳ ಹಕ್ಕು. ತನಿಖೆ ಮಾಡುವುದು ಅಧಿಕಾರಿಗಳ ಕರ್ತವ್ಯ.

ದಡಾರದ ಸರಪಳಿ

ಲಸಿಕೆಯನ್ನು ಬಿಟ್ಟರೆ ಆಗುವ ನಷ್ಟವೇನು? ದಡಾರವು ‘ಅಮ್ಮ ಬಂದು ಹೋಗುವ’ ಸಾಮಾನ್ಯ ಜಡ್ಡೆಂದು ಹಳ್ಳಿಗಳಲ್ಲಿ ಭಾವಿಸುವವರುಂಟು. ಅದರಿಂದ ನ್ಯುಮೋನಿಯಾ, ಅತಿಸಾರ, ಕುರುಡು, ಮಿದುಳಿನ ಉರಿಯೂತಗಳು ಉಂಟಾಗುತ್ತವೆ. 2023ರಲ್ಲಿ ಜಗತ್ತಿನಲ್ಲಿ ದಡಾರದಿಂದ ಸತ್ತವರು ಒಂದು ಲಕ್ಷಕ್ಕಿಂತ ಹೆಚ್ಚು. ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು.

ಯಾರಿಗೂ ರೋಗನಿರೋಧಕ ಶಕ್ತಿಯಿಲ್ಲದ ಊರಿನಲ್ಲಿ ಒಬ್ಬ ದಡಾರದ ರೋಗಿಯು 12ರಿಂದ 18 ಮಂದಿಗೆ ರೋಗವನ್ನು ಅಂಟಿಸುತ್ತಾನೆ. ಸರಾಸರಿ 15 ಎನ್ನೋಣ. ಎರಡು ವರಸೆಯ ಲಸಿಕೆಯು ನೂರರಲ್ಲಿ 97 ಮಂದಿಗೆ ರಕ್ಷಣೆ ಕೊಡುತ್ತದೆ. ಒಂದು ಊರಿನಲ್ಲಿ ನೂರಕ್ಕೆ 98 ಮಕ್ಕಳು ಲಸಿಕೆ ಪಡೆದರೆ, ರಕ್ಷಣೆ ಪಡೆದವರು ಸುಮಾರು 95; ಉಳಿದವರು 5. ಆಗ ಒಬ್ಬ ರೋಗಿಯಿಂದ ಅಂಟುವವರ ಸಂಖ್ಯೆ 15ರ ನೂರನೆಯ 5 ಪಾಲು, ಅಂದರೆ 0.75. ಇದು 1ಕ್ಕಿಂತ ಕಡಿಮೆಯಾದ್ದರಿಂದ ಸರಪಳಿಯು ತಾನಾಗಿಯೇ ಕಡಿಯುತ್ತದೆ. ಹತ್ತು ಮನೆಗಳಲ್ಲಿ ಒಂದು ಮನೆಯವರು ಹೆದರಿ ಲಸಿಕೆಯನ್ನು ಬಿಟ್ಟರೆ ಏನಾದೀತು? ಲಸಿಕೆ ಪಡೆದವರು 90, ರಕ್ಷಣೆಯುಳ್ಳವರು ಸುಮಾರು 87, ಉಳಿದವರು 13. ಈಗ ಅದೇ ಸಂಖ್ಯೆ 15ರ ನೂರನೆಯ 13 ಪಾಲು, ಸುಮಾರು 2. ಒಬ್ಬನಿಂದ ಇಬ್ಬರು, ಇಬ್ಬರಿಂದ ನಾಲ್ವರು, ನಾಲ್ವರಿಂದ ಎಂಟು ಮಂದಿ. ಸುಮಾರು 12 ದಿನಗಳಿಗೊಂದು ಪೀಳಿಗೆಯಂತೆ ನಾಲ್ಕು ತಿಂಗಳಲ್ಲಿ ಹತ್ತು ಪೀಳಿಗೆಗಳಾದರೆ, ಹತ್ತನೆಯ ಪೀಳಿಗೆಯಲ್ಲಿಯೇ 1,024 ರೋಗಿಗಳು! ಯುರೇನಿಯಮಿನ ಸರಪಳಿ ಕ್ರಿಯೆಯನ್ನು ಓದಿದ ವಿದ್ಯಾರ್ಥಿಗಳಿಗೆ ಈ ಗಣಿತವು ಹೊಸದಲ್ಲ. ನೂರಕ್ಕೆ ಎಂಟರ ಇಳಿಕೆ ನೋಡಲು ಚಿಕ್ಕದು. ಆದರೆ ಅದು 1 ಎಂಬ ಗಡಿಯನ್ನು ದಾಟಿಸುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ವೇಕ್‌ಫೀಲ್ಡರ ಲೇಖನದ ತರುವಾಯ ಇಂಗ್ಲೆಂಡಿನಲ್ಲಿ ಲಸಿಕೆಯ ಪ್ರಮಾಣವು ನೂರಕ್ಕೆ 80ರ ಆಸುಪಾಸಿಗೆ ಇಳಿಯಿತು. ಆಗ ಲಸಿಕೆ ತಪ್ಪಿಸಿಕೊಂಡ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ, 2012–13ರಲ್ಲಿ ವೇಲ್ಸಿನ ಸ್ವಾನ್ಸಿ ಪ್ರದೇಶದಲ್ಲಿ 1,200ಕ್ಕೂ ಹೆಚ್ಚು ಮಂದಿಗೆ ದಡಾರ ತಗುಲಿತು, ಒಬ್ಬರು ಸತ್ತರು. ನಮ್ಮ ನೆರೆಯ ಮಹಾರಾಷ್ಟ್ರದ ಮುಂಬಯಿಯಲ್ಲಿ 2022ರ ಕೊನೆಯಲ್ಲಿ ದಡಾರವು ಹಬ್ಬಿ ಹಲವು ಮಕ್ಕಳು ಬಲಿಯಾದರು. ನಮ್ಮ ತಾಲೂಕುಗಳಿಗೆ ಮಹಾರಾಷ್ಟ್ರದ ಗಡಿ ದೂರವಿಲ್ಲ. ಕಬ್ಬಿನ ಹಂಗಾಮು ಬಂದಿತೆಂದರೆ ಕಡಿಯುವ ಗ್ಯಾಂಗುಗಳು ಕೂಸುಮರಿಗಳೊಡನೆ ಹೊಲದಿಂದ ಹೊಲಕ್ಕೆ ಅಲೆಯುತ್ತವೆ. ಇಟ್ಟಿಗೆ ಭಟ್ಟಿಗಳಲ್ಲಿಯೂ ಅದೇ ಸ್ಥಿತಿ. ಊರು ಬಿಟ್ಟು ಊರಿಗೆ ಹೋಗುವ ಈ ಮಕ್ಕಳಿಗೆ ವರಸೆಗಳು ತಪ್ಪುವುದು ಸುಲಭ. ಲಸಿಕೆ ಪಡೆಯುವ ವಯಸ್ಸಿಗೆ ಬಾರದ ಎಳೆಗೂಸುಗಳೂ ಪ್ರತಿಯೊಂದು ಓಣಿಯಲ್ಲಿಯೂ ಇರುತ್ತವೆ. ಇವರೆಲ್ಲರಿಗೂ ಸುತ್ತಲಿನವರ ಲಸಿಕೆಯೇ ಕೋಟೆ.

ರುಬೆಲ್ಲಾ ಹೇಳುವ ಪಾಠ

ಕೊನೆಯದಾಗಿ, ಈ ವಾದದಲ್ಲಿ ಬಹುಜನರು ಗಮನಿಸದ ಒಂದು ಸಂಗತಿಯನ್ನು ಹೇಳಬೇಕು. ಆಟಿಸಂಗೆ ನಿಶ್ಚಿತವಾಗಿ ತಿಳಿದಿರುವ ಕೆಲವೇ ಬಾಹ್ಯ ಕಾರಣಗಳಲ್ಲಿ ಒಂದು ರುಬೆಲ್ಲಾ ರೋಗ. ಗರ್ಭಿಣಿಗೆ, ಮುಖ್ಯವಾಗಿ ಮೊದಲ ತಿಂಗಳುಗಳಲ್ಲಿ, ರುಬೆಲ್ಲಾ ತಗುಲಿದರೆ ಮಗುವು ಕಿವುಡು, ಕುರುಡು, ಹೃದಯದ ದೋಷಗಳೊಡನೆ ಹುಟ್ಟಬಹುದು. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿದಾಗ ಹೀಗೆ ಹುಟ್ಟಿದ 243 ಮಕ್ಕಳನ್ನು ಸ್ಟೆಲ್ಲಾ ಚೆಸ್ ಎಂಬ ವೈದ್ಯೆ ಪರೀಕ್ಷಿಸಿ, 1971ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ 10 ಮಕ್ಕಳಿಗೆ ಆಟಿಸಂ ಪೂರ್ಣವಾಗಿಯೂ 8 ಮಕ್ಕಳಿಗೆ ಆಂಶಿಕವಾಗಿಯೂ ಇತ್ತು. ಆ ಕಾಲದ ಸಾಮಾನ್ಯ ಪ್ರಮಾಣವು ಹತ್ತು ಸಾವಿರಕ್ಕೆ ಐದರಷ್ಟೂ ಇರಲಿಲ್ಲ.

2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನವು ನಮ್ಮ ರಾಜ್ಯವೂ ಸೇರಿದಂತೆ ಐದು ಪ್ರದೇಶಗಳಲ್ಲಿ ಮೊದಲು ಆರಂಭವಾಯಿತು. ಅದರ ಉದ್ಘಾಟನೆ ನಡೆದುದು ಬೆಂಗಳೂರಿನಲ್ಲಿ. ಆಟಿಸಂ ಬರುತ್ತದೆಂದು ಹೆದರಿ ಯಾವ ಲಸಿಕೆಯನ್ನು ಬಿಡುತ್ತೇವೆಯೋ, ಅದೇ ಲಸಿಕೆಯು ಆಟಿಸಂನ ಒಂದು ಕಾರಣವನ್ನು ತಡೆಯುತ್ತದೆ.

ನಮ್ಮ ಕರ್ತವ್ಯ

ಆಟಿಸಂ ಇರುವ ಮಗುವಿನ ತಾಯಿಯು ‘ನಾನೇ ಕೈಯಾರೆ ಸೂಜಿ ಹಾಕಿಸಿ ಕೂಸನ್ನು ಕೆಡಿಸಿದೆ’ ಎಂದು ಕೊರಗುತ್ತಿದ್ದರೆ, ಆ ಕೊರಗು ನಿರಾಧಾರವೆಂದು ಅವಳಿಗೆ ತಿಳಿಸುವುದು ಓದಿದವರ ಮೊದಲ ಕರ್ತವ್ಯ. ಅವಳ ಕಾಲವೂ ಹಣವೂ ಶಕ್ತಿಯೂ ಮಗುವಿನ ಕಲಿಕೆಗೆ ಸಲ್ಲಬೇಕು. ಮಾತು, ಆಟ, ನಡತೆಗಳ ತರಬೇತಿಯು ಬೇಗ ಆರಂಭವಾದಷ್ಟೂ ಒಳಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಶಾಲೆಗಳ ಮಕ್ಕಳನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಜ್ಞರ ನೆರವು ದೊರೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಕೂಡ ಸೇರಿದೆ.

ಇನ್ನು ಮನೆಯಲ್ಲಿ ಚಿಕ್ಕ ಮಗುವಿದ್ದರೆ ಇಂದೇ ಅದರ ತಾಯಿ ಕಾರ್ಡನ್ನು ತೆಗೆದು ನೋಡಿರಿ. ಒಂಬತ್ತು ತಿಂಗಳು ತುಂಬಿದೊಡನೆ ಮೊದಲನೆಯ ವರಸೆ, ಒಂದೂವರೆ ವರ್ಷದ ಆಸುಪಾಸಿನಲ್ಲಿ ಎರಡನೆಯದು ದಾಖಲಾಗಿದೆಯೇ? ಇಲ್ಲವಾದರೆ ಆಶಾ ಕಾರ್ಯಕರ್ತೆಗೋ ನರ್ಸಬಾಯಿಗೋ ತಿಳಿಸಿರಿ. ಲಸಿಕೆಗೆ ಹಣ ಕೊಡಬೇಕಾಗಿಲ್ಲ. ಲಸಿಕೆಯ ದಿನ ಸೀಸೆಯನ್ನು ಎಷ್ಟು ಗಂಟೆಗೆ ತೆರೆದು ಕರಗಿಸಿದರೆಂದು ವಿನಯದಿಂದ ಕೇಳಿರಿ. ಸೂಜಿಯಾದ ಮೇಲೆ ಮಗುವಿನೊಡನೆ ಅರ್ಧ ಗಂಟೆ ಅಲ್ಲಿಯೇ ಕುಳಿತು, ಜ್ವರ ಬಂದರೆ ಏನು ಮಾಡಬೇಕೆಂಬುದನ್ನು ಕೇಳಿಕೊಂಡು ಮನೆಗೆ ಬನ್ನಿರಿ.